ನ್ಯೂ ಫ್ರಾನ್ಸ್‌ನ ಆದಿ ವಲಸಿಗರ ವಂಶಶೋಧ

ಉತ್ತರ ಅಮೆರಿಕದ ಸೇಂಟ್ ಲಾರೆನ್ಸ್ ನದಿಯ ದಂಡೆಯಲ್ಲಿ 17ನೆಯ ಶತಮಾನದಲ್ಲಿ ನೆಲೆಯೂರಿದ ಫ್ರೆಂಚ್ ಮನೆತನಗಳನ್ನು ದಾಖಲೆಗಳ ಆಧಾರದಿಂದ ಗುರುತಿಸಿ, ತಲೆಮಾರುಗಳನ್ನು ಜೋಡಿಸುವ ಅಧ್ಯಯನ. ಇಡೀ ಸಮಾಜವೊಂದರ ವಂಶಾವಳಿಯನ್ನು ಇಷ್ಟು ವಿವರವಾಗಿ ಕಟ್ಟಿಕೊಡಬಲ್ಲ ಪ್ರದೇಶಗಳು ಜಗತ್ತಿನಲ್ಲಿ ವಿರಳ.

ವಲಸೆ: ಸ್ಯಾಮುಯೆಲ್ ದ ಶಾಂಪ್ಲೇನ್ 1608ರಲ್ಲಿ ಕ್ವಿಬೆಕ್ ನೆಲೆಯನ್ನು ಸ್ಥಾಪಿಸಿದ. 1617ರಲ್ಲಿ ಪ್ಯಾರಿಸ್ಸಿನ ಔಷಧ ವ್ಯಾಪಾರಿ ಲೂಯಿ ಎಬೇರ್ ಹೆಂಡತಿ ಮಾರಿ ರೊಲೆ ಮತ್ತು ಮಕ್ಕಳೊಡನೆ ಬಂದು ಬೇಸಾಯಕ್ಕೆ ನಿಂತ. 1634ರಿಂದ ಪೆರ್ಶ್ ಪ್ರಾಂತ್ಯದ ಕುಟುಂಬಗಳು ಬಂದವು. 1663–1673ರ ನಡುವೆ ಅರಸನ ಖರ್ಚಿನಲ್ಲಿ ಸುಮಾರು 800 ಮದುವೆಯಾಗದ ಹೆಣ್ಣುಮಕ್ಕಳನ್ನು ಕಳುಹಿಸಲಾಯಿತು. ಇವರಿಗೆ ‘ಅರಸನ ಹೆಣ್ಣುಮಕ್ಕಳು’ ಎಂದೇ ಹೆಸರು. 1665ರಲ್ಲಿ ಬಂದ ಕಾರಿನ್ಯಾನ್-ಸಾಲಿಯೇರ್ ಪಡೆಯ ಸುಮಾರು 400 ಸೈನಿಕರೂ ಅಲ್ಲಿಯೇ ಉಳಿದರು. 1666ರಲ್ಲಿ ಅಧಿಕಾರಿ ಜಾನ್ ತಲೋ ನಡೆಸಿದ ಜನಗಣತಿಯಲ್ಲಿ ಸಿಕ್ಕ ಲೆಕ್ಕ 3,215.

ದಾಖಲೆಗಳು: ಜ್ಞಾನಸ್ನಾನವನ್ನು ಪಾದ್ರಿಗಳು ಬರೆದಿಡಬೇಕೆಂಬ ರಾಜಾಜ್ಞೆ ಫ್ರಾನ್ಸ್‌ನಲ್ಲಿ 1539ರಲ್ಲೇ ಹೊರಟಿತ್ತು, ಮದುವೆ ಮತ್ತು ಶವಸಂಸ್ಕಾರಗಳನ್ನು 1579ರ ಆಜ್ಞೆ ಸೇರಿಸಿತು. ಕ್ವಿಬೆಕ್‌ನ ಚರ್ಚು 1640ರಲ್ಲಿ ಸುಟ್ಟಾಗ ದಾಖಲೆ ಪುಸ್ತಕಗಳೂ ಬೂದಿಯಾದವು. ಜನರ ನೆನಪಿನಿಂದ ಅವನ್ನು ಮತ್ತೆ ಬರೆಯಬೇಕಾಯಿತು. ಮುಂದೆ ಎರಡು ಪ್ರತಿ ಬರೆದು ಒಂದನ್ನು ನ್ಯಾಯಾಲಯಕ್ಕೆ ಒಪ್ಪಿಸುವ ಪದ್ಧತಿ ಬಂದದ್ದರಿಂದ ಬಹುಪಾಲು ದಾಖಲೆಗಳು ಉಳಿದುಕೊಂಡವು. ಇವಕ್ಕೆ ನೋಟರಿಗಳು ಬರೆದ ಮದುವೆ ಕರಾರು, ಆಸ್ತಿಪಟ್ಟಿ, ಭೂಪತ್ರಗಳು ಪೂರಕ. ಬಡಗಿ ಜಕಾರಿ ಕ್ಲೂತಿಯೇಗೆ ಅಕ್ಷರ ಬರುತ್ತಿರಲಿಲ್ಲ. ಪತ್ರಗಳ ಕೆಳಗೆ ಆತ ಕೊಡಲಿಯ ಚಿತ್ರ ಬರೆದು ಒಪ್ಪಿಗೆ ಸೂಚಿಸುತ್ತಿದ್ದ.

ಹೆಸರುಗಳು: ಶೋಧಕರನ್ನು ಹೆಚ್ಚು ತೊಡಕಿಗೆ ಸಿಕ್ಕಿಸುವುದು ಅಡ್ಡಹೆಸರುಗಳು. ಸೈನಿಕರಿಗೆ ಇದ್ದ ಇಂಥ ಹೆಸರು ಮೂಲ ಮನೆತನದ ಹೆಸರಿನ ಜೊತೆ ಸೇರಿ, ಮೊಮ್ಮಕ್ಕಳ ಕಾಲಕ್ಕೆ ಅದರ ಜಾಗವನ್ನೇ ಹಿಡಿಯುತ್ತಿತ್ತು. ಇದಕ್ಕೆ ಎದುರಾಗಿ, ಮದುವೆಯಾದ ಹೆಂಗಸರನ್ನು ತವರಿನ ಹೆಸರಿನಿಂದಲೇ ದಾಖಲಿಸುವ ರೂಢಿ ಶೋಧಕ್ಕೆ ದೊಡ್ಡ ಉಪಕಾರ ಮಾಡಿದೆ. ಎಬೇರ್‌ನ ಗಂಡು ಸಂತತಿ ಕೆಲವೇ ತಲೆಮಾರುಗಳಲ್ಲಿ ಅಳಿಯಿತು. ಆದರೆ ಆತನ ಮಗಳು ಗಿಯೆಮೆತ್ 1621ರಲ್ಲಿ ಗಿಯೋಮ್ ಕುಯಾರನನ್ನು ಮದುವೆಯಾಗಿ ಹತ್ತು ಮಕ್ಕಳ ತಾಯಿಯಾದಳು. ಆ ವಂಶ ಇಂದಿಗೂ ಹಬ್ಬಿಕೊಂಡಿರುವುದು ತಿಳಿದದ್ದು ಹೆಣ್ಣಿನ ಕಡೆಯ ದಾಖಲೆಯಿಂದ.

ಗ್ರಂಥಗಳು ಮತ್ತು ಸಂಸ್ಥೆಗಳು: ಪಾದ್ರಿ ಸಿಪ್ರಿಯಾನ್ ತಾಂಗೇ 1871–1890ರಲ್ಲಿ ಏಳು ಸಂಪುಟಗಳ ವಂಶಾವಳಿ ಕೋಶವನ್ನು ಪ್ರಕಟಿಸಿ ಈ ಶಾಸ್ತ್ರಕ್ಕೆ ಬುನಾದಿ ಹಾಕಿದರು. 1940ರ ದಶಕದಲ್ಲಿ ದ್ರುಯೇನ್ ಸಂಸ್ಥೆ ಚರ್ಚು ದಾಖಲೆಗಳನ್ನು ಮೈಕ್ರೋಫಿಲ್ಮ್ ಮಾಡಿತು. ಮಾಂಟ್ರಿಯಲ್ ವಿಶ್ವವಿದ್ಯಾಲಯದಲ್ಲಿ 1966ರಲ್ಲಿ ಯುಬೇರ್ ಶಾರ್ಬೊನೋ ಮತ್ತು ಜಾಕ್ ಲೆಗಾರೆ ಆರಂಭಿಸಿದ ಜನಸಂಖ್ಯಾ ಇತಿಹಾಸ ಯೋಜನೆ ಈ ದಾಖಲೆಗಳನ್ನು ಗಣಕಕ್ಕೆ ಏರಿಸಿ ಕುಟುಂಬಗಳನ್ನು ಜೋಡಿಸಿತು. ಅದರ ನೆರವಿನಿಂದ ರೆನೆ ಜೆತ್ತೆ 1983ರಲ್ಲಿ ಪ್ರಕಟಿಸಿದ, 1730ರವರೆಗಿನ ಕುಟುಂಬಗಳ ಕೋಶ ತಾಂಗೇ ಅವರ ಅನೇಕ ತಪ್ಪುಗಳನ್ನು ತಿದ್ದಿತು. ಆನುವಂಶಿಕ ರೋಗಗಳ ಸಂಶೋಧನೆಗೂ ಇಂಥ ವಂಶಾವಳಿಗಳು ಒದಗಿವೆ.

ಅಕಾಡಿಯ: ಇಂದಿನ ನೋವಾ ಸ್ಕಾಟಿಯ ಕಡೆಯ ಅಕಾಡಿಯದ ಕಥೆ ಬೇರೆ. 1755ರಿಂದ ಬ್ರಿಟಿಷರು ಅಲ್ಲಿನ ಫ್ರೆಂಚರನ್ನು ಗಡೀಪಾರು ಮಾಡಿದಾಗ ಅನೇಕ ಚರ್ಚುಗಳ ದಾಖಲೆಗಳು ಕಳೆದುಹೋದವು. ಗ್ರಾನ್-ಪ್ರೆ ಊರಿನವರು ತಮ್ಮ ದಾಖಲೆ ಪುಸ್ತಕಗಳನ್ನು ಜೊತೆಗೆ ಒಯ್ದರು. ಅವುಗಳಲ್ಲಿ ಉಳಿದವು ಈಗ ಲೂಸಿಯಾನದಲ್ಲಿವೆ.

ಮಿತಿ: ಚರ್ಚಿನ ಪುಸ್ತಕಗಳಲ್ಲಿ ಎಲ್ಲರಿಗೂ ಸಮಾನ ಸ್ಥಾನವಿರಲಿಲ್ಲ. ಮೂಲನಿವಾಸಿಗಳ, ಗುಲಾಮರ ತಂದೆತಾಯಿಯರ ಹೆಸರು ಬಹಳ ಕಡೆ ಕಾಣಿಸುವುದೇ ಇಲ್ಲ. ಇತಿಹಾಸಕಾರ ಮಾರ್ಸೆಲ್ ತ್ರುದೆಲ್ 1990ರಲ್ಲಿ ಪ್ರಕಟಿಸಿದ ಕೋಶದಲ್ಲಿ 4,000ಕ್ಕೂ ಹೆಚ್ಚು ಗುಲಾಮರನ್ನು ಗುರುತಿಸಿದ್ದಾರೆ. ಅವರಲ್ಲಿ ಹೆಚ್ಚಿನವರು ಮೂಲನಿವಾಸಿಗಳು. ಇವರನ್ನೂ ಒಳಗೊಂಡಾಗ ಮಾತ್ರ ನ್ಯೂ ಫ್ರಾನ್ಸ್‌ನ ಮನೆತನಗಳ ಚರಿತ್ರೆ ಪೂರ್ಣವಾಗುತ್ತದೆ.