ಸಭೆಯ ಪುಸ್ತಕ, ಸಂಬಳದ ಪುಸ್ತಕ

ಮೊದಲ ಮಹಾಯುದ್ಧದ ಬಳಿಕ, 1919ರ ಜೂನ್ 28ರಂದು ಸಹಿಯಾದ ವರ್ಸೇಲ್ಸ್ ಒಪ್ಪಂದದಲ್ಲಿ 440 ವಿಧಿಗಳಿವೆ. ಗಡಿ, ಯುದ್ಧದ ದಂಡ, ಹಡಗು, ಸೈನ್ಯಗಳ ಲೆಕ್ಕಾಚಾರವೆಲ್ಲ ಮುಗಿದು ಒಪ್ಪಂದ ಕೊನೆಗೆ ಬರುವ ಹೊತ್ತಿಗೆ 438ನೆಯ ವಿಧಿ ಸಿಗುತ್ತದೆ. ಜರ್ಮನ್ ಮಿಷನ್‌ಗಳ ಆಸ್ತಿಯನ್ನು ಏನು ಮಾಡಬೇಕು ಎಂಬುದು ಅಲ್ಲಿನ ವಿಷಯ. ಆ ಆಸ್ತಿ ಮುಂದೆಯೂ ಧರ್ಮಪ್ರಸಾರದ ಕೆಲಸಕ್ಕೇ ಸಲ್ಲಬೇಕು, ಅದೇ ನಂಬಿಕೆಯ ಟ್ರಸ್ಟಿಗಳ ಕೈಗೆ ಅದನ್ನು ಒಪ್ಪಿಸಬೇಕು ಎಂದು ಆ ವಿಧಿ ಹೇಳುತ್ತದೆ. ಲಾಭವನ್ನು ಮಿಷನ್‌ಗೆ ಕೊಡುವ ವ್ಯಾಪಾರಿ ಸಂಸ್ಥೆಗಳ ಆಸ್ತಿಯೂ ಇದರೊಳಗೆ ಸೇರುತ್ತದೆ ಎಂಬ ಮಾತೂ ಅಲ್ಲಿದೆ.

ವ್ಯಾಪಾರ ಮಾಡಿ ಲಾಭವನ್ನು ದೇವರ ಕೆಲಸಕ್ಕೆ ಕೊಡುವ ಸಂಸ್ಥೆ ವ್ಯಾಪಾರಿಯೋ ಮಿಷನರಿಯೋ? ಯುರೋಪಿನ ರಾಜಕಾರಣಿಗಳು ಒಂದು ವಾಕ್ಯದಲ್ಲಿ ತೀರ್ಮಾನಿಸಿದ ಈ ಪ್ರಶ್ನೆಯೊಂದಿಗೆ ಮಂಗಳೂರಿನ ಜೆಪ್ಪು, ಬಲ್ಮಠಗಳ ಜನ ಅದಾಗಲೇ ಅರವತ್ತು ಎಪ್ಪತ್ತು ವರ್ಷ ಬದುಕಿದ್ದರು. ಕನ್ನಡ ಓದುಗರಾದ ನಾವು ಬಾಸೆಲ್ ಮಿಷನ್ನನ್ನು ನೆನೆಯುವುದು 1843ರ 'ಮಂಗಳೂರ ಸಮಾಚಾರ'ದಿಂದ, 1894ರಲ್ಲಿ ಅಚ್ಚಾದ ಕಿಟೆಲ್ ನಿಘಂಟಿನಿಂದ. ಆ ಪುಸ್ತಕಗಳನ್ನು ತಂದ ಸಂಸ್ಥೆಯೇ ಹಂಚು ಸುಟ್ಟಿತು, ಬಟ್ಟೆ ನೇಯ್ದಿತು. ಈ ಎರಡು ಕಥೆಗಳನ್ನು ನಾವು ಬೇರೆ ಬೇರೆಯಾಗಿ ಓದುತ್ತ ಬಂದಿದ್ದೇವೆ.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ ಈ ಮಿಷನ್‌ನ ಮೊದಲ ಮೂವರು, ಹೆಬಿಕ್, ಲೇನರ್ ಮತ್ತು ಗ್ರೈನರ್, ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರು ಕಾರ್ಖಾನೆ ಕಟ್ಟಲು ಬಂದವರಲ್ಲ. ಕಾರ್ಖಾನೆಯ ಅಗತ್ಯವನ್ನು ಹುಟ್ಟಿಸಿದ್ದು ಇಲ್ಲಿನ ಜಾತಿ ವ್ಯವಸ್ಥೆ. ಕ್ರೈಸ್ತನಾದವನಿಗೆ ಮನೆಯಿಂದಲೂ ಕುಲಕಸುಬಿನಿಂದಲೂ ಹೊರದಾರಿಯೇ ಗತಿಯಾಗುತ್ತಿತ್ತು. ಒಡೆಯರ ಗೇಣಿ ಭೂಮಿ ಕೈತಪ್ಪುವ ಭಯವಿತ್ತು. ಮಿಷನ್ನಿಗೆ ಸೇರಿದವರಲ್ಲಿ ಬಿಲ್ಲವರು ಬಹಳ ಮಂದಿ. ಅವರಲ್ಲಿ ಹಲವರ ಕಸುಬು ಶೇಂದಿ ಇಳಿಸುವುದು. ಮದ್ಯವನ್ನು ಪಾಪವೆಂದು ಬೋಧಿಸುವ ಸಭೆ ಅವರನ್ನು ಮತ್ತೆ ತಾಳೆಮರ ಹತ್ತಿಸುವಂತಿರಲಿಲ್ಲ. ಒಬ್ಬನ ಅನ್ನ ಕಿತ್ತುಕೊಂಡ ಮೇಲೆ ಇನ್ನೊಂದು ಅನ್ನದ ದಾರಿ ತೋರಿಸಲೇಬೇಕಲ್ಲ!

ಮೊದಲು ಬೇಸಾಯಕ್ಕೆ ಜಾಗ ಕೊಟ್ಟು ನೋಡಿದರು, ಅದು ಕೈಹಿಡಿಯಲಿಲ್ಲ. 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ ಬಂತು. ಆದರೆ ಅಚ್ಚುಕೂಟ ಎಷ್ಟು ಮಂದಿಗೆ ಕೆಲಸ ಕೊಡಬಲ್ಲದು? 1851ರಲ್ಲಿ ನೇಯ್ಗೆ ಬಲ್ಲ ಹಾಲರ್ ಬಂದ ಮೇಲೆ ಬಲ್ಮಠದ ನೇಯ್ಗೆ ಶಾಲೆ ಗಟ್ಟಿಯಾಯಿತು. ಖಾಕಿ ಬಣ್ಣ ಹುಟ್ಟಿದ್ದೇ ಇಲ್ಲಿ ಎಂದು ಮಂಗಳೂರಿನಲ್ಲಿ ಹೆಮ್ಮೆಯಿಂದ ಹೇಳುವುದುಂಟು. ಇದಕ್ಕೂ ಕೆಲವು ವರ್ಷ ಮೊದಲೇ ಪೇಶಾವರದ ಕಡೆಯ 'ಗೈಡ್ಸ್' ಪಡೆ ಮಣ್ಣುಬಣ್ಣದ ಉಡುಪು ತೊಟ್ಟಿತ್ತು. ಹಾಗಾಗಿ ಹಾಲರ್ ಗಟ್ಟಿಯಾದ, ಸುಲಭವಾಗಿ ಮಾಸದ ಖಾಕಿ ಬಟ್ಟೆಯನ್ನು ಇಲ್ಲಿ ತಯಾರಿಸಿದರು ಎಂದಷ್ಟೇ ಹೇಳುವುದು ಸುರಕ್ಷಿತ. ಅದಕ್ಕಿಂತ ದೊಡ್ಡ ಸಂಗತಿ ಬೇರೆ ಇದೆ. ನೇಯ್ಗೆಯ ಜಾತಿಯಲ್ಲಿ ಹುಟ್ಟದವನು ಮಗ್ಗದ ಮುಂದೆ ಕೂತ. ಕಸುಬಿಗೂ ಹುಟ್ಟಿಗೂ ಇದ್ದ ಗಂಟು ಅಲ್ಲಿ ಸ್ವಲ್ಪ ಸಡಿಲವಾಯಿತು.

ಹಂಚಿನ ಕಥೆ ಅಚ್ಚುಕೂಟದಿಂದಲೇ ಶುರುವಾಗುತ್ತದೆ. ಗೇಯಾರ್ಗ್ ಪ್ಲೆಬ್‌ಸ್ಟ್ ಮುದ್ರಣದ ಕೆಲಸಕ್ಕೆಂದು ಬಂದ ಯಂತ್ರಕುಶಲಿ. ನೇತ್ರಾವತಿ ದಡದ ಜೇಡಿಮಣ್ಣು ಅವರ ಕಣ್ಣಿಗೆ ಬಿತ್ತು. ರಜೆಯಲ್ಲಿ ಊರಿಗೆ ಹೋದಾಗ ಮಣ್ಣಿನ ಕೆಲಸ ಕಲಿತು ಬಂದರು. 1865ರಲ್ಲಿ ಜೆಪ್ಪುವಿನಲ್ಲಿ ಕಾರ್ಖಾನೆ ನಿಂತಿತು. ಒಂದರ ಅಂಚು ಇನ್ನೊಂದರ ಕೊಕ್ಕೆಗೆ ಕೂರುವ ಚಪ್ಪಟೆ ಹಂಚು ನಮ್ಮ ಮಳೆಗೆ ಹೇಳಿ ಮಾಡಿಸಿದಂತಿತ್ತು. ಮಣ್ಣು ಹೊಳೆಯಿಂದ, ಸೌದೆ ಘಟ್ಟದ ಕಡೆಯಿಂದ, ಸಾಗಾಟ ದೋಣಿ ಮತ್ತು ಹಡಗಿನಲ್ಲಿ. ವರ್ಷ ವರ್ಷ ಮುಳಿಹುಲ್ಲು ಹೊದೆಸಿ, ಬೆಂಕಿಗೆ ಅಂಜುತ್ತಿದ್ದ ಮಾಡುಗಳ ಮೇಲೆ ಕೆಂಪು ಹಂಚು ಕೂತಿತು. ಕುದ್ರೋಳಿ, ಮಲ್ಪೆ, ಕಲ್ಲಿಕೋಟೆ, ಕೋಡಕ್ಕಲ್, ಪಾಲಕ್ಕಾಡು, ಫೆರೋಕ್ ಸೇರಿ ಮಿಷನ್ನಿನ ಹಂಚಿನ ಕಾರ್ಖಾನೆಗಳು ಏಳಾದವು. ಪೂರ್ವ ಆಫ್ರಿಕಾ, ಆಸ್ಟ್ರೇಲಿಯಾಗಳಿಗೂ ಮಂಗಳೂರು ಹಂಚು ಹಡಗೇರಿತು.

ಈ ವ್ಯಾಪಾರದಲ್ಲಿ ಕ್ರೈಸ್ತವಾದದ್ದು ಯಾವುದು? ಮಿಷನರಿಗಳಲ್ಲಿ ಹೆಚ್ಚಿನವರು ಜರ್ಮನಿಯ ವ್ಯುರ್ಟೆಂಬೆರ್ಗಿನ ರೈತ, ಕುಶಲಕರ್ಮಿ ಮನೆಗಳಿಂದ ಬಂದವರು. ಅವರ ಪಂಥದಲ್ಲಿ ದುಡಿಮೆ ಬರೀ ಹೊಟ್ಟೆಪಾಡಲ್ಲ, ಭಕ್ತಿಯ ಒಂದು ರೂಪ. ಹಾಗಾಗಿ ಕೆಲಸಕ್ಕೆ ಪ್ರಾರ್ಥನೆ ಕೂಡಿಕೊಂಡಿತು, ಭಾನುವಾರ ಕಾರ್ಖಾನೆ ಮುಚ್ಚಿತು, ಗಂಟೆಯ ಸದ್ದಿಗೆ ಏಳುವ ಹೊಸ ದಿನಚರಿ ಬಂತು. 1859ರಲ್ಲಿ ಬಾಸೆಲ್‌ನಲ್ಲಿ ಹುಟ್ಟಿದ ಮಿಷನ್ ವ್ಯಾಪಾರ ಕಂಪನಿ ಷೇರುದಾರರ ಪಾಲಿಗೆ ಮಿತಿ ಹಾಕಿ ಮಿಕ್ಕದ್ದನ್ನು ಮಿಷನ್‌ಗೆ ಬಿಟ್ಟಿತು. ಆಫ್ರಿಕಾದ ಗೋಲ್ಡ್ ಕೋಸ್ಟ್‌ನಲ್ಲಿ ಇತರ ವ್ಯಾಪಾರಿಗಳು ಹೆಂಡದಿಂದ ದುಡ್ಡು ಮಾಡುತ್ತಿದ್ದಾಗ ಈ ಕಂಪನಿ ಅದನ್ನು ಮುಟ್ಟಲಿಲ್ಲ. ಇವು ಬಾಯಿಮಾತಿನ ಮೌಲ್ಯಗಳಲ್ಲ. ಪ್ರತಿಯೊಂದಕ್ಕೂ ಲಾಭದಲ್ಲಿ ಬೆಲೆ ತೆರಬೇಕಿತ್ತು.

ಆದರೂ ಮಿಷನ್ನಿನೊಳಗೇ ಅನುಮಾನವಿತ್ತು. ಸುವಾರ್ತೆ ಸಾರಲು ಬಂದವರು ಹಂಚಿನ ದರ ಕೂಗುವುದೇ ಎಂದು ಒಂದು ಕಡೆ. ಕೆಲಸದ ಆಸೆಗೆ ದೀಕ್ಷಾಸ್ನಾನಕ್ಕೆ ಬರುವವರನ್ನು ಗುರುತಿಸುವುದು ಹೇಗೆ ಎಂದು ಇನ್ನೊಂದು ಕಡೆ. ಈ ಎರಡನೆಯ ಪ್ರಶ್ನೆಯನ್ನು ನಾನು ತಿರುಗಿಸಿ ಕೇಳಲು ಬಯಸುತ್ತೇನೆ. ಅನುಮಾನವೆಲ್ಲ ಕೆಲಸಗಾರನ ಮೇಲೇ ಏಕೆ ಬೀಳಬೇಕು? ಸಭೆಯ ಸದಸ್ಯರ ಪುಸ್ತಕ, ಸಂಬಳದ ಪುಸ್ತಕ ಎರಡನ್ನೂ ಒಂದೇ ಸಂಸ್ಥೆ ಇಟ್ಟುಕೊಂಡಾಗ, ಸಭಾಪಾಲಕರ ಅಸಮಾಧಾನ ಮೇಸ್ತ್ರಿಯ ಅಸಮಾಧಾನವೂ ಆಗಬಲ್ಲದು. ಮನೆಯ ಜಾಗ ಮಿಷನ್ನಿನದು, ಮಕ್ಕಳ ಶಾಲೆ ಮಿಷನ್ನಿನದು, ಸಂಬಳವೂ ಮಿಷನ್ನಿನದು. ಅಂಥವನ ನಂಬಿಕೆ ನಿಜವೋ ಸುಳ್ಳೋ ಎಂದು ಅಳೆಯುವ ದಾರಿಯನ್ನು ಮಿಷನ್ನೇ ಮುಚ್ಚಿಬಿಟ್ಟಿತ್ತು. ಜಾತಿಯ ಒಡೆತನದಿಂದ ಹೊರಬಂದವನು ಇನ್ನೊಂದು ಒಡೆತನದ ನೆರಳಿಗೆ ಬಂದ. ನೆರಳು ತಂಪಾಗಿತ್ತು ನಿಜ, ಆದರೂ ಒಡೆತನವೇ.

ಆ ಗಂಟನ್ನು ಸಡಿಲಿಸಿದ್ದು ಮಿಷನ್ನಿನ ಔದಾರ್ಯಕ್ಕಿಂತ ಹೆಚ್ಚಾಗಿ ಪೈಪೋಟಿ ಎಂದು ನನಗೆ ಅನಿಸುತ್ತದೆ. ಜೆಪ್ಪು ಕಾರ್ಖಾನೆ ಆರಂಭವಾದ ಮೂರೇ ವರ್ಷಕ್ಕೆ, 1868ರಲ್ಲಿ, ಪಾಣೆಮಂಗಳೂರಿನಲ್ಲಿ ಅಲ್ಬುಕರ್ಕ್ ಹಂಚಿನ ಕಾರ್ಖಾನೆ ಬಂತು. ಅದರ ಹಿಂದೆ ಊರಿನ ಉದ್ಯಮಿಗಳು ಒಬ್ಬೊಬ್ಬರಾಗಿ ಹೊಳೆದಂಡೆಯಲ್ಲಿ ಚಿಮಣಿ ಎಬ್ಬಿಸಿದರು. ಮಣ್ಣು ಹದ ಮಾಡುವವನಿಗೆ, ಗೂಡಿನ ಬೆಂಕಿಯ ಬಣ್ಣ ನೋಡಿ ಶಾಖ ಹೇಳಬಲ್ಲವನಿಗೆ ಈಗ ಬೇರೆ ಬಾಗಿಲುಗಳೂ ಇದ್ದವು. ಇತ್ತ ಮಿಷನ್ನಿನ ಕಾರ್ಖಾನೆಗಳಲ್ಲೂ ಕ್ರೈಸ್ತರಲ್ಲದವರು ಕೆಲಸಕ್ಕೆ ಸೇರಿದರು. ನಂಬಿಕೆಗೂ ಕೂಲಿಗೂ ನಡುವೆ ಸ್ವಲ್ಪ ಜಾಗ ಹುಟ್ಟಿತು. ಹೊರಗೆ ಹೋಗಬಲ್ಲವನು ಒಳಗೆ ಉಳಿದಾಗ ಮಾತ್ರ ಆ ಉಳಿಯುವಿಕೆಗೆ ನಂಬಿಕೆ ಎಂಬ ಹೆಸರು ಒಪ್ಪುತ್ತದೆ.

1914ರಲ್ಲಿ ಯುದ್ಧ ಬಂತು. ಜರ್ಮನ್ ಮಿಷನರಿಗಳನ್ನು ಬ್ರಿಟಿಷ್ ಸರ್ಕಾರ ಬಂಧನದಲ್ಲಿಟ್ಟು ಆಮೇಲೆ ದೇಶದಿಂದ ಕಳಿಸಿತು. ಬಾಸೆಲ್ ಇರುವುದು ತಟಸ್ಥ ಸ್ವಿಟ್ಜರ್ಲೆಂಡಿನಲ್ಲಿ ಎಂಬ ಸಂಗತಿ ಉದ್ಯಮವನ್ನು ಉಳಿಸಲಿಲ್ಲ. ಕಾರ್ಖಾನೆಗಳು ಲಂಡನ್ನಿನಲ್ಲಿ ಹುಟ್ಟಿದ ಕಾಮನ್‌ವೆಲ್ತ್ ಟ್ರಸ್ಟ್‌ನ ಪಾಲಾದವು. ಅದೇ ನಂಬಿಕೆಯವರ ಕೈಗೆ ಒಪ್ಪಿಸಬೇಕು ಎಂದಿತ್ತು ಒಪ್ಪಂದ. ಆದರೆ ಆ ನಂಬಿಕೆಯವರಲ್ಲಿ ಜೆಪ್ಪುವಿನಲ್ಲಿ ಮಣ್ಣು ಹೊತ್ತ ಹೆಂಗಸು, ಗೂಡಿಗೆ ಸೌದೆ ಹಾಕಿದ ಗಂಡಸು ಇದ್ದಾರೆಯೇ ಎಂದು ಯಾರೂ ಕೇಳಲಿಲ್ಲ. ಎರಡು ತಲೆಮಾರು ದುಡಿದವರಿಗೆ ಒಡೆಯ ಬದಲಾದ, ಅಷ್ಟೆ.

ಬಾಸೆಲ್ ಮಿಷನ್ನಿನ ಉದ್ಯಮ ಲಾಭದ ಆಸೆಗೆ ಮಿತಿ ಹಾಕಿಕೊಂಡಿತು. ಆ ದೃಷ್ಟಿಯಿಂದ ಅದು ತನ್ನ ಧರ್ಮಕ್ಕೆ ನಿಷ್ಠವಾಗಿತ್ತು. ಅಧಿಕಾರಕ್ಕೆ ಅಂಥದೇ ಮಿತಿ ಹಾಕಿಕೊಳ್ಳುವುದು ಅದಕ್ಕೆ ಹೊಳೆಯಲಿಲ್ಲ. ಲಾಭ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರು, ನಿರ್ಧಾರ ಯಾರ ಕೈಯಲ್ಲಿದೆ ಎಂದು ಕೇಳಲಿಲ್ಲ. ಧರ್ಮದ ಹೆಸರಿನಲ್ಲಿ, ಸೇವೆಯ ಹೆಸರಿನಲ್ಲಿ ನಡೆಯುವ ಯಾವ ಉದ್ಯಮವನ್ನು ನೋಡಿದರೂ, ಅದು ಯಾವ ಮತದ್ದೇ ಆಗಿರಲಿ, ಈ ಎರಡನೆಯ ಪ್ರಶ್ನೆ ಇಂದಿಗೂ ಕೇಳಬೇಕಾದದ್ದು. ಕರಾವಳಿಯ ಹಳೆಯ ಮನೆಗಳ ಮಾಡಿನಲ್ಲಿ ಈಗಲೂ ಸಿಗುವ ಹಂಚಿನ ಅಡಿಭಾಗದಲ್ಲಿ ಸಂಸ್ಥೆಯ ಹೆಸರಿದೆ, ಊರಿನ ಹೆಸರಿದೆ, ಇಸವಿಯೂ ಇದೆ. ಅಚ್ಚು ಒತ್ತಿದವರ ಹೆಸರಿಗೆ ಅದರಲ್ಲಿ ಜಾಗವಿಲ್ಲ.