ಕೈಮರದಿಂದ ಕೀಲಿಯವರೆಗೆ: ಗಣಕಯಂತ್ರದೊಳಗಿನ ಪೈಪೋಟಿಯ ಚರಿತ್ರೆ

ನಮ್ಮ ಶಾಲೆಯಲ್ಲಿ ಓದಿದವರಲ್ಲಿ ಹಲವರು ಇಂದು ಬೆಂಗಳೂರಿನಲ್ಲಿಯೂ ಪರದೇಶಗಳಲ್ಲಿಯೂ ತಂತ್ರಾಂಶ ಕ್ಷೇತ್ರದಲ್ಲಿ ದುಡಿಯುತ್ತಿದ್ದಾರೆ. ಅವರ ಮಾತಿನಲ್ಲಿ ಆಗಾಗ್ಗೆ ಕೇಳಿಬರುವ ಪದ ‘ರೇಸ್ ಕಂಡೀಷನ್’. ಇದನ್ನು ಕುದುರೆ ಜೂಜಿಗೆ ಸಂಬಂಧಿಸಿದ್ದೆಂದು ತಿಳಿಯುವ ಹಿರಿಯ ಬಂಧುಗಳೂ ನಮ್ಮಲ್ಲಿ ಇಲ್ಲದಿಲ್ಲ. ಇಬ್ಬರಿಗೂ ಪ್ರಯೋಜನವಾಗಲೆಂದು ಈ ದೋಷದ ಚರಿತ್ರೆಯನ್ನು ಸಂಕ್ಷೇಪವಾಗಿ ನಿರೂಪಿಸಲು ಯತ್ನಿಸುತ್ತೇನೆ.

ಶಾಲೆಯ ಕಚೇರಿಯ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ದಾಖಲಾತಿ ವಹಿಯಲ್ಲಿ ವಿದ್ಯಾರ್ಥಿಗಳ ಒಟ್ಟು ಸಂಖ್ಯೆ 240 ಎಂದಿದೆ. ಇಬ್ಬರು ಗುಮಾಸ್ತರು ಏಕಕಾಲದಲ್ಲಿ ಒಬ್ಬೊಬ್ಬ ಹೊಸ ವಿದ್ಯಾರ್ಥಿಯನ್ನು ಸೇರಿಸಿಕೊಳ್ಳುತ್ತಾರೆ. ಇಬ್ಬರೂ 240 ಎಂದು ಓದಿ, ಒಂದನ್ನು ಕೂಡಿಸಿ, 241 ಎಂದು ಬರೆಯುತ್ತಾರೆ. ಮಕ್ಕಳು 242 ಮಂದಿ; ವಹಿಯಲ್ಲಿ 241. ಇಬ್ಬರ ಲೆಕ್ಕವೂ ಸರಿಯೇ, ಆದರೆ ಫಲಿತಾಂಶ ತಪ್ಪು. ಒಬ್ಬನು ಒಂದು ನಿಮಿಷ ತಡವಾಗಿ ಬಂದಿದ್ದರೆ ಏನೂ ಕೆಡುತ್ತಿರಲಿಲ್ಲ. ಹೀಗೆ ಫಲಿತಾಂಶವು ಕೆಲಸಗಳು ನಡೆಯುವ ಕ್ಷಣದ ಹಿಂದುಮುಂದನ್ನು ಅವಲಂಬಿಸುವುದೇ ಪೈಪೋಟಿ ದೋಷ. ಸಾವಿರ ಸಲ ಪರೀಕ್ಷಿಸಿದರೂ ಕಾಣದೆ, ಸಾವಿರದ ಒಂದನೆಯ ಸಲ ಎರಗುವುದು ಇದರ ಸ್ವಭಾವ.

ಈ ಸಮಸ್ಯೆಯನ್ನು ಶಾಸ್ತ್ರೀಯವಾಗಿ ನಿರೂಪಿಸಿದವರಲ್ಲಿ ಪ್ರಮುಖರು ನೆದರ್ಲೆಂಡ್ಸ್ ದೇಶದ ಎಡ್ಸ್‌ಖರ್ ಡೈಕ್‌ಸ್ಟ್ರಾ. 1965ರಲ್ಲಿ ಅವರು ಪ್ರಕಟಿಸಿದ ಕಿರುಲೇಖನವೊಂದರಲ್ಲಿ, ಅನೇಕ ಕಾರ್ಯಗಳು ಒಂದೇ ವಸ್ತುವಿಗಾಗಿ ಸ್ಪರ್ಧಿಸುವಾಗ ಒಮ್ಮೆಗೆ ಒಂದಕ್ಕೆ ಮಾತ್ರ ಪ್ರವೇಶ ದೊರೆಯುವಂತೆ ಮಾಡುವ ಬಗೆಯನ್ನು ವಿವರಿಸಿದರು. ಇದೇ ಉದ್ದೇಶಕ್ಕಾಗಿ ಅವರು ರೂಪಿಸಿದ ಮತ್ತೊಂದು ಸಾಧನಕ್ಕೆ ‘ಸೆಮಫೋರ್’ ಎಂದು ಹೆಸರಿಟ್ಟರು. ಅದು ರೈಲ್ವೆಯಿಂದ ಬಂದ ಪದ. ನಮ್ಮ ಕನ್ನಡದ ‘ಕೈಮರ’. ಒಂಟಿ ಹಳಿಯ ಮೇಲೆ ಒಂದು ಗಾಡಿ ಇರುವವರೆಗೆ ಕೈಮರವು ಅಡ್ಡವಾಗಿ ನಿಂತು ಇನ್ನೊಂದನ್ನು ತಡೆಯುವುದಿಲ್ಲವೇ? ಗಣಕಯಂತ್ರದೊಳಗೂ ಅದೇ ಏರ್ಪಾಡು.

1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ಕಥೆ ಈ ದೃಷ್ಟಿಯಿಂದ ಬೋಧಪ್ರದವಾದುದು. 1996ರ 2.0 ಆವೃತ್ತಿಯಲ್ಲಿ ಅದು ಒಂದಕ್ಕಿಂತ ಹೆಚ್ಚು ಸಂಸ್ಕಾರಕಗಳಿರುವ ಯಂತ್ರಗಳಲ್ಲಿ ಓಡತೊಡಗಿತು. ಪೈಪೋಟಿಯನ್ನು ತಪ್ಪಿಸಲು ವ್ಯವಸ್ಥೆಯ ತಿರುಳಿಗೆಲ್ಲ ಒಂದೇ ದೊಡ್ಡ ಬೀಗ ಹಾಕಲಾಯಿತು. ಇದು ಕ್ಷೇಮಕರ, ಆದರೆ ನಿಧಾನ. ಇಡೀ ಶಾಲೆಗೆ ಒಂದೇ ಕೀಲಿಯಿದ್ದು, ಅದು ಒಬ್ಬ ಉಪಾಧ್ಯಾಯರ ಕೈಯಲ್ಲಿರುವಾಗ ಉಳಿದವರೆಲ್ಲ ಜಗಲಿಯಲ್ಲಿ ಕಾಯುವಂತೆ! ಆದ್ದರಿಂದ ಬೀಗವನ್ನು ಕ್ರಮಕ್ರಮವಾಗಿ ಕೊಠಡಿಗೊಂದರಂತೆ ಚಿಕ್ಕದಾಗಿಸಲಾಯಿತು. ದೊಡ್ಡ ಬೀಗವು ಸಂಪೂರ್ಣವಾಗಿ ತೊಲಗಿದ್ದು 2011ರಲ್ಲಿ, 2.6.39 ಆವೃತ್ತಿಯೊಡನೆ.

ಜಾಲ ಸಂಪರ್ಕಗಳ ವಿಭಾಗದಲ್ಲಿ ಈ ಕೆಲಸ ಇನ್ನೂ ಸೂಕ್ಷ್ಮವಾದುದು. ಹೊರಗಿನಿಂದ ಪ್ರತಿಯೊಂದು ಮಾಹಿತಿ ಪೊಟ್ಟಣ ಬಂದಾಗಲೂ ಅದು ಯಾವ ಸಂಪರ್ಕಕ್ಕೆ ಸೇರಿದ್ದೆಂದು ಪಟ್ಟಿಯಲ್ಲಿ ಹುಡುಕಬೇಕು. 2008ರಲ್ಲಿ ಎರಿಕ್ ಡುಮಾಜೆ ಎಂಬ ತಂತ್ರಜ್ಞರು, ಬೀಗವನ್ನೇ ಹಿಡಿಯದೆ ಈ ಹುಡುಕಾಟ ನಡೆಸುವ ಮಾರ್ಪಾಟನ್ನು ಲಿನಕ್ಸ್‌ಗೆ ನೀಡಿದರು. ಇಲ್ಲಿ ಒಂದು ಅಪಾಯವಿದೆ. ನಾವು ವಿಳಾಸ ಹಿಡಿದು ಮನೆಯನ್ನು ತಲಪುವಷ್ಟರಲ್ಲಿ ಹಳೆಯ ಬಾಡಿಗೆದಾರರು ಹೋಗಿ ಹೊಸಬರು ಬಂದಿರಬಹುದು. ಅಂತೆಯೇ ಸ್ಮೃತಿಯ ಅದೇ ಜಾಗವು ಅಷ್ಟರಲ್ಲಿ ಬೇರೊಂದು ಸಂಪರ್ಕಕ್ಕೆ ಸಂದಿರಬಹುದು. ಇದಕ್ಕೆ ಪರಿಹಾರ ನಮ್ಮ ಅಂಚೆಯವರ ಪದ್ಧತಿಯೇ. ಬಾಗಿಲು ತೆರೆದವರ ಕೈಗೆ ರಿಜಿಸ್ಟರ್ ಕಾಗದ ಕೊಡುವ ಮುನ್ನ ಅವರ ಹೆಸರನ್ನು ಮತ್ತೊಮ್ಮೆ ವಿಚಾರಿಸುವುದು. ಹೆಸರು ಬೇರೆಯಾದರೆ ಹಿಂದಿರುಗಿ ಮೊದಲಿನಿಂದ ಹುಡುಕುವುದು.

ಇಷ್ಟೆಲ್ಲ ಎಚ್ಚರಿಕೆಯಿದ್ದರೂ ತಪ್ಪು ನುಸುಳುತ್ತದೆ. 2011ರ ಆಗಸ್ಟ್ ತಿಂಗಳಲ್ಲಿ ಲಿನಕ್ಸ್‌ನ ಜಾಲ ವಿಭಾಗಕ್ಕೆ ಒಂದು ಹೊಸ ಸೌಲಭ್ಯ ಸೇರಿತು. ಪೊಟ್ಟಣಗಳನ್ನು ನೇರವಾಗಿ ಗಮನಿಸುವ ‘ಪ್ಯಾಕೆಟ್ ಸಾಕೆಟ್’ ಎಂಬ ಸಂಪರ್ಕದ್ವಾರದ ಮೂರನೆಯ ವಿಧಾನ ಅದು. ಈ ವಿಧಾನದಲ್ಲಿ ಮಾತ್ರ ಒಂದು ಸಮಯಸೂಚಕ ಚಾಲನೆಯಾಗುತ್ತಿತ್ತು. ಸ್ಮೃತಿಯನ್ನು ಒಮ್ಮೆ ಹಂಚಿಕೊಟ್ಟ ಬಳಿಕ ವಿಧಾನವನ್ನು ಬದಲಿಸಕೂಡದೆಂಬ ನಿಯಮವೂ ಇತ್ತು. ಆದರೆ ಸಮಯಸೂಚಕವು ಚಾಲನೆಯಾದ ಕ್ಷಣಕ್ಕೂ ಹಂಚಿಕೆಯು ದಾಖಲಾಗುವ ಕ್ಷಣಕ್ಕೂ ನಡುವೆ ಕಿರಿದಾದ ಬಿರುಕೊಂದು ಉಳಿದಿತ್ತು. ಆ ಬಿರುಕಿನಲ್ಲಿ ಇನ್ನೊಂದು ಕಾರ್ಯವು ನುಗ್ಗಿ ವಿಧಾನವನ್ನು ಮೊದಲನೆಯದಕ್ಕೆ ಬದಲಿಸಿದರೆ? ದ್ವಾರವನ್ನು ಮುಚ್ಚುವಾಗ ವ್ಯವಸ್ಥೆಯು ‘ಇದು ಮೊದಲನೆಯ ವಿಧಾನ, ಇಲ್ಲಿ ಸಮಯಸೂಚಕವಿಲ್ಲ’ ಎಂದು ಭಾವಿಸಿ ಸ್ಮೃತಿಯನ್ನು ಬಿಡುಗಡೆ ಮಾಡುತ್ತಿತ್ತು. ಸಮಯಸೂಚಕ ಮಾತ್ರ ಆ ಬಿಟ್ಟುಕೊಟ್ಟ ಜಾಗದಲ್ಲಿಯೇ ಓಡುತ್ತಿತ್ತು. ಚತುರರು ಆ ಜಾಗದಲ್ಲಿ ತಮ್ಮ ಆದೇಶಗಳನ್ನು ತುಂಬಿದರೆ, ಕೆಲವು ವ್ಯವಸ್ಥೆಗಳಲ್ಲಿ ಸಾಮಾನ್ಯ ಬಳಕೆದಾರನೂ ಇಡೀ ಯಂತ್ರದ ಒಡೆಯನಾಗಬಹುದಿತ್ತು.

ಐದು ವರ್ಷಗಳ ಕಾಲ ಯಾರ ಕಣ್ಣಿಗೂ ಬೀಳದಿದ್ದ ಈ ದೋಷವನ್ನು ಕಂಡುಹಿಡಿದವರು ಫಿಲಿಪ್ ಪೆಟರ್ಸನ್. ಅದು ಬಹಿರಂಗವಾದದ್ದು 2016ರ ಡಿಸೆಂಬರ್‌ನಲ್ಲಿ. ದುರಸ್ತಿಗೆ ಬೇಕಾದದ್ದು ಕೆಲವೇ ಸಾಲುಗಳು. ವಿಧಾನ ಬದಲಿಸುವ ಕಾರ್ಯವೂ ಸ್ಮೃತಿ ಹಂಚುವ ಕಾರ್ಯವೂ ಮೊದಲು ಒಂದೇ ಬೀಗವನ್ನು ಹಿಡಿಯಬೇಕು. ಪರಿಶೀಲನೆ ಮತ್ತು ಕ್ರಿಯೆ ಎರಡೂ ಆ ಬೀಗದೊಳಗೇ ಮುಗಿಯಬೇಕು. ಅಷ್ಟೇ! ಡೈಕ್‌ಸ್ಟ್ರಾ ಅರ್ಧ ಶತಮಾನದ ಹಿಂದೆ ಹೇಳಿದ್ದೂ ಇದನ್ನೇ.

ಯಂತ್ರದೊಳಗಿನ ಈ ಕೂದಲೆಳೆಯ ಬಿರುಕುಗಳಿಗೆ ಇಷ್ಟು ಮಹತ್ತ್ವವೇಕೆಂದು ಕೆಲವರು ಕೇಳಬಹುದು. ಥೆರಾಕ್-25 ಎಂಬ ವಿಕಿರಣ ಚಿಕಿತ್ಸಾ ಯಂತ್ರದ ದುರಂತವು ಅದಕ್ಕೆ ಉತ್ತರ. 1986ರಲ್ಲಿ ಅಮೆರಿಕದ ಟೆಕ್ಸಾಸ್ ಪ್ರಾಂತದ ಟೈಲರ್ ನಗರದಲ್ಲಿ, ನುರಿತ ನಿರ್ವಾಹಕಿಯೊಬ್ಬರು ಟಂಕಿಸಿದ ಸೂಚನೆಯನ್ನು ಕೆಲವೇ ಸೆಕೆಂಡುಗಳಲ್ಲಿ ತಿದ್ದಿದರು. ಪರದೆಯ ಮೇಲೆ ತಿದ್ದುಪಡಿ ಕಾಣಿಸಿತು. ಒಳಗಿನ ತಂತ್ರಾಂಶವು ಅದನ್ನು ಗಮನಿಸಿರಲಿಲ್ಲ. ಇಬ್ಬರು ರೋಗಿಗಳು ಮಿತಿಮೀರಿದ ವಿಕಿರಣಕ್ಕೆ ತುತ್ತಾಗಿ ಮೃತಪಟ್ಟರು. ಹಳೆಯ ಮಾದರಿಗಳಲ್ಲಿದ್ದ ಯಾಂತ್ರಿಕ ತಡೆಗಳನ್ನು ಈ ಯಂತ್ರದಲ್ಲಿ ಕೈಬಿಟ್ಟು, ತಂತ್ರಾಂಶವನ್ನೇ ನಂಬಲಾಗಿತ್ತು. ನಿಧಾನವಾಗಿ ಟಂಕಿಸುವವರ ಕೈಯಲ್ಲಿ ಈ ದೋಷ ಪ್ರಕಟವಾಗುತ್ತಲೇ ಇರಲಿಲ್ಲವೆಂಬುದನ್ನು ವಿಶೇಷವಾಗಿ ಗಮನಿಸಬೇಕು.

ಈ ವೃತ್ತಿಯಲ್ಲಿರುವ ನನ್ನ ವಿದ್ಯಾರ್ಥಿಗಳಿಗೆ ಒಂದು ಮಾತು. ‘ನನ್ನ ಯಂತ್ರದಲ್ಲಿ ಸರಿಯಾಗಿಯೇ ಓಡುತ್ತಿದೆ’ ಎಂದು ಯಾರಾದರೂ ಹೇಳಿದಾಗ, ಎರಡು ಕಾರ್ಯಗಳು ಅಲ್ಲಿ ಏಕಕಾಲಕ್ಕೆ ಬಂದರೆ ಏನಾದೀತೆಂದು ಕೇಳಿ. ಅಪರೂಪಕ್ಕೊಮ್ಮೆ ಬಂದು ಮತ್ತೆ ಕಾಣದಂತಾಗುವ ದೂರನ್ನು ಬಳಕೆದಾರರ ಭ್ರಮೆಯೆಂದು ತಳ್ಳಿಹಾಕಬೇಡಿ. ಟೈಲರ್‌ನ ಮೊದಲ ಅವಘಡದ ನಂತರವೂ ಯಂತ್ರವನ್ನು ಪರೀಕ್ಷಿಸಿದವರಿಗೆ ದೋಷವೇನೂ ಕಾಣಲಿಲ್ಲ. ಅದು ಮತ್ತೆ ಕೆಲಸಕ್ಕೆ ನಿಂತಿತು. ಎರಡನೆಯ ಅವಘಡಕ್ಕೆ ಕಾರಣವಾದದ್ದು ಅದೇ.