ಜಪಾನಿನ ಅಂಗಡಿಸಾಲುಗಳು ಮತ್ತು ಸರ್ಕಾರದ ಆಸರೆ

ಜಪಾನಿನ ಊರುಗಳಲ್ಲಿ ರೈಲು ನಿಲ್ದಾಣದಿಂದಲೋ ಹಳೆಯ ದೇಗುಲದ ಬಾಗಿಲಿನಿಂದಲೋ ಹೊರಟು ಊರ ನಡುವೆ ಹಾದುಹೋಗುವ ಕಿರಿದಾದ ಪೇಟೆಬೀದಿಯನ್ನು ಶೋತೆಂಗಾಯ್ ಎನ್ನುತ್ತಾರೆ. ಮೀನು, ತರಕಾರಿ, ಅಕ್ಕಿ, ಜವಳಿ, ಚಪ್ಪಲಿ ಮಾರುವ ಅಂಗಡಿಗಳು ಎರಡೂ ಬದಿಗೆ ಒಂದಕ್ಕೊಂದು ಒತ್ತಿಕೊಂಡಿರುತ್ತವೆ. ಅಂಗಡಿಯ ಹಿಂದೆ ಇಲ್ಲವೇ ಮಹಡಿಯ ಮೇಲೆ ಅಂಗಡಿಯವರ ಸಂಸಾರ. ಇವುಗಳಲ್ಲಿ ಕೆಲವು ಎದೊ ಕಾಲದ ಪೇಟೆಗಳ ಮುಂದುವರಿಕೆಯಾದರೂ, ಬಹುಪಾಲು ರೂಪುಗೊಂಡದ್ದು 20ನೆಯ ಶತಮಾನದಲ್ಲಿ. 1920ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಹಳ್ಳಿ ಬಿಟ್ಟು ನಗರಕ್ಕೆ ಬಂದವರಲ್ಲಿ ಕಾರ್ಖಾನೆಯ ಕೆಲಸ ಸಿಗದ ಅನೇಕರು ಸ್ವಲ್ಪ ಬಂಡವಾಳದಲ್ಲೇ ನಡೆಸಬಹುದಾದ ಚಿಲ್ಲರೆ ವ್ಯಾಪಾರಕ್ಕೆ ಇಳಿದರು. ಅದೇ ಹೊತ್ತಿಗೆ, 1923ರ ಕಾಂತೊ ಭೂಕಂಪದ ಬಳಿಕ, ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರ್‌ಗಳು ಸಿರಿವಂತರ ಸರಕಿಗೆ ಮಾತ್ರ ಅಂಟಿಕೊಳ್ಳದೆ ದಿನಬಳಕೆಯ ಸಾಮಾನಿಗೂ ಕೈಹಾಕಿದವು. ಸಣ್ಣ ವರ್ತಕರು ಸಂಘ ಕಟ್ಟಿ ಮೊರೆಯಿಟ್ಟರು. 1937ರಲ್ಲಿ ಬಂದ ಡಿಪಾರ್ಟ್‌ಮೆಂಟ್ ಸ್ಟೋರ್ ಕಾಯ್ದೆಯಂತೆ ಅಂಥ ಮಳಿಗೆ ತೆರೆಯಲೂ ಹಿಗ್ಗಿಸಲೂ ಸರ್ಕಾರದ ಅನುಮತಿ ಬೇಕಾಯಿತು.

ಯುದ್ಧ ಸೋತ ಮೇಲೆ, ಅಮೆರಿಕದ ಆಡಳಿತವಿದ್ದ 1947ರಲ್ಲಿ, ಆ ಕಾಯ್ದೆ ರದ್ದಾಯಿತು. 1956ರಲ್ಲಿ ಮತ್ತೆ ಬಂತು. ಬಾಂಬಿಗೆ ಸುಟ್ಟ ಊರುಗಳಲ್ಲಿ ಅಂಗಡಿಸಾಲುಗಳು ಬಹುಬೇಗ ಎದ್ದುನಿಂತವು. ಕ್ಯೂಷೂ ದ್ವೀಪದ ಕೊಕುರದಲ್ಲಿ ಉಒಮಾಚಿ ಬೀದಿಯ ವರ್ತಕರು 1951ರಲ್ಲಿ ಸಾರ್ವಜನಿಕ ರಸ್ತೆಯ ಮೇಲೆಯೇ ಚಾವಣಿ ಹೊದಿಸಿದರು. ಮಳೆಯಲ್ಲೂ ಗಿರಾಕಿ ನೆನೆಯದೆ ನಡೆದಾಡುವ ಈ ಏರ್ಪಾಡು ದೇಶದುದ್ದಕ್ಕೂ ಹಬ್ಬಿ, ಅಂಗಡಿಸಾಲಿನ ಗುರುತೇ ಆಗಿಹೋಯಿತು. 1962ರ ಕಾಯ್ದೆಯೊಂದು ಬೀದಿಯ ವರ್ತಕರೆಲ್ಲ ಸೇರಿ ಕಟ್ಟಿದ ಸಂಘಕ್ಕೆ ಕಾನೂನಿನ ಮಾನ್ಯತೆ ಕೊಟ್ಟಿತು. ಚಾವಣಿ, ಬೀದಿದೀಪ, ನೆಲಹಾಸು, ವಾಹನ ನಿಲುಗಡೆ ಇವುಗಳಿಗೆಲ್ಲ ಸಹಾಯಧನವೂ ಕಡಿಮೆ ಬಡ್ಡಿಯ ಸಾಲವೂ ಈ ಸಂಘಗಳ ಮೂಲಕವೇ ಹರಿದುಬಂದವು. ಮುಂದಿನ ಅರ್ಧ ಶತಮಾನ ಸರ್ಕಾರದ ನೆರವು ಬೀದಿಗೆ ತಲುಪಿದ ಮುಖ್ಯ ಕಾಲುವೆ ಇದೇ.

ಅಷ್ಟರಲ್ಲಿ ಎದುರಾಳಿ ಬದಲಾಗಿದ್ದ. 1957ರಲ್ಲಿ ನಕಾವುಚಿ ಇಸಾವೊ ಓಸಾಕಾದ ಸೆಂಬಾಯಾಶಿ ಪೇಟೆಯಲ್ಲಿ ದಾಯೆಯಿ ಎಂಬ ಅಂಗಡಿ ತೆರೆದರು. ಅಗ್ಗದ ಬೆಲೆಯೇ ಬಂಡವಾಳವಾಗಿದ್ದ ಆ ಅಂಗಡಿ ಸೂಪರ್‌ಮಾರ್ಕೆಟ್ ಸರಣಿಯಾಗಿ ಬೆಳೆದು, 1972ರಲ್ಲಿ ಹಳೆಯ ಮಿತ್ಸುಕೋಶಿಯನ್ನು ಹಿಂದಿಕ್ಕಿ ದೇಶದ ಅತಿದೊಡ್ಡ ಚಿಲ್ಲರೆ ವ್ಯಾಪಾರ ಸಂಸ್ಥೆಯಾಯಿತು. ಮಹಡಿಗೊಂದು ಕಂಪನಿ ಮಾಡಿಕೊಂಡು ಡಿಪಾರ್ಟ್‌ಮೆಂಟ್ ಸ್ಟೋರ್ ಕಾಯ್ದೆಯಿಂದ ನುಣುಚಿಕೊಳ್ಳುವುದು ಸೂಪರ್‌ಮಾರ್ಕೆಟ್‌ಗಳಿಗೆ ಕಷ್ಟವಿರಲಿಲ್ಲ. ಈ ಕಿಂಡಿ ಮುಚ್ಚಲೆಂದು 1973ರಲ್ಲಿ ದೊಡ್ಡ ಚಿಲ್ಲರೆ ಮಳಿಗೆಗಳ ಕಾಯ್ದೆ ಬಂತು; 1974ರ ಮಾರ್ಚ್‌ನಲ್ಲಿ ಜಾರಿಯಾಯಿತು.

ಈ ಕಾಯ್ದೆ ನಡೆದ ಬಗೆಯನ್ನು ತುಸು ವಿವರವಾಗಿಯೇ ನೋಡಬೇಕು, ಏಕೆಂದರೆ ಸಣ್ಣ ಅಂಗಡಿಗಳಿಗೆ ಇಷ್ಟು ಬಲವಾದ ರಕ್ಷಣೆ ಕೊಟ್ಟ ಕೈಗಾರಿಕಾ ದೇಶಗಳು ಕಡಿಮೆ. 1,500 ಚದರ ಮೀಟರ್‌ಗಿಂತ, ಮಹಾನಗರಗಳಲ್ಲಾದರೆ 3,000 ಚದರ ಮೀಟರ್‌ಗಿಂತ, ದೊಡ್ಡದಾದ ಯಾವುದೇ ಮಳಿಗೆ ತೆರೆಯುವವರು ಮೊದಲೇ ಸರ್ಕಾರಕ್ಕೆ ತಿಳಿಸಬೇಕಿತ್ತು. ಬಳಿಕ ಊರಿನ ವಾಣಿಜ್ಯ ಮಂಡಳಿಯ ಅಡಿಯಲ್ಲಿ ವರ್ತಕರು, ಗ್ರಾಹಕರು, ವಿದ್ವಾಂಸರು ಇದ್ದ ಸಮಿತಿಯೊಂದು ಕೂತು ನಾಲ್ಕು ಸಂಗತಿಗಳನ್ನು ಚರ್ಚಿಸುತ್ತಿತ್ತು: ಮಳಿಗೆ ಯಾವತ್ತು ತೆರೆಯಬೇಕು, ಎಷ್ಟು ವಿಸ್ತಾರವಿರಬೇಕು, ಸಂಜೆ ಎಷ್ಟಕ್ಕೆ ಮುಚ್ಚಬೇಕು, ವರ್ಷದಲ್ಲಿ ಎಷ್ಟು ದಿನ ರಜೆ ಇರಬೇಕು. ಕಾಗದದ ಮೇಲೆ ಇದು ಬರೀ ಹೊಂದಾಣಿಕೆಯ ಏರ್ಪಾಡು. ವಾಸ್ತವದಲ್ಲಿ, ಸ್ಥಳೀಯ ವರ್ತಕರನ್ನು ಒಪ್ಪಿಸದ ಹೊರತು ಅರ್ಜಿ ಮುಂದೆ ಸರಿಯುತ್ತಿರಲಿಲ್ಲ. 1978ರ ತಿದ್ದುಪಡಿ 500 ಚದರ ಮೀಟರ್ ಮೀರಿದ ಮಳಿಗೆಗಳನ್ನೂ ಹಿಡಿತಕ್ಕೆ ತಂದಿತು. 1980ರ ದಶಕದಲ್ಲಿ ಒಂದು ಮಳಿಗೆ ತೆರೆಯಲು ಹತ್ತು ವರ್ಷ ಕಾದ ನಿದರ್ಶನಗಳೂ ಉಂಟು.

ಕಾಯ್ದೆ ಕಾಲಾವಕಾಶವನ್ನು ಕೊಟ್ಟಿತು, ನಿಜ. ಆದರೆ ಆ ಕಾಲದಲ್ಲಿ ಅಂಗಡಿಗಳು ಉಳಿಯಲಿಲ್ಲ. ಜಪಾನಿನ ಚಿಲ್ಲರೆ ಅಂಗಡಿಗಳ ಸಂಖ್ಯೆ ಅತಿ ಹೆಚ್ಚು ಇದ್ದದ್ದು 1982ರಲ್ಲಿ, ಸುಮಾರು 17.2 ಲಕ್ಷ, ರಕ್ಷಣೆ ಅತ್ಯಂತ ಬಿಗಿಯಾಗಿದ್ದ ವರ್ಷಗಳಲ್ಲೇ ಅದು ಇಳಿಯತೊಡಗಿತು. ಒಂದು ಕಾರಣ ಕಾಯ್ದೆಯ ನೆರಳಲ್ಲೇ ಹುಟ್ಟಿತ್ತು. 1974ರ ಮೇ ತಿಂಗಳಲ್ಲಿ ಟೋಕಿಯೊದ ತೊಯೊಸುವಿನಲ್ಲಿ ಹಳೆಯ ಮದ್ಯದಂಗಡಿಯೊಂದು ಜಪಾನಿನ ಮೊದಲ ಸೆವೆನ್-ಇಲೆವೆನ್ ಆಗಿ ಬದಲಾಯಿತು. ದೊಡ್ಡ ಮಳಿಗೆ ಕಟ್ಟಲಾಗದ ಸರಣಿಗಳು ಸುಮಾರು ನೂರು ಚದರ ಮೀಟರ್‌ನ ಅಂಗಡಿಗಳತ್ತ ತಿರುಗಿದವು. ಇವಕ್ಕೆ ಕಾಯ್ದೆಯ ಅಡ್ಡಿಯೇ ಇರಲಿಲ್ಲ. ಮದ್ಯದಂಗಡಿ, ಅಕ್ಕಿಯಂಗಡಿಗಳ ಮಾಲೀಕರೇ ಹೆಸರು ಬದಲಿಸಿ ಸರಣಿಯೊಳಗೆ ಸೇರಿದರು. ಇನ್ನೊಂದು ಕಾರಣ ಕಾರು. ಊರ ಹೊರಗೆ ಬೈಪಾಸ್ ರಸ್ತೆಗಳು ಬಂದವು, ಅವುಗಳ ಬದಿಯ ಗದ್ದೆಗಳಲ್ಲಿ ಮನೆಗಳು ಎದ್ದವು. ಎಲ್ಲಕ್ಕಿಂತ ಬೇಸರದ ಸಂಗತಿ, ಪೇಟೆಗೆ ನೆರವು ಕೊಡುತ್ತಿದ್ದ ಆಡಳಿತವೇ ಕಚೇರಿ, ಆಸ್ಪತ್ರೆ, ಕಾಲೇಜುಗಳನ್ನು ಪೇಟೆಯಿಂದ ಹೊರಗೆ ಒಯ್ದದ್ದು. ಕಾನಜಾವದಲ್ಲಿ ಕೋಟೆಯೊಳಗಿದ್ದ ವಿಶ್ವವಿದ್ಯಾಲಯ 1989ರಿಂದ ಗುಡ್ಡದ ಮೇಲಿನ ಹೊಸ ಆವರಣಕ್ಕೆ ಸ್ಥಳಾಂತರಗೊಂಡಿತು. 2003ರಲ್ಲಿ ಪ್ರಾಂತ್ಯದ ಆಡಳಿತ ಕಚೇರಿಯೂ ಊರ ನಡುವನ್ನು ಬಿಟ್ಟಿತು. ವಿದ್ಯಾರ್ಥಿಗಳೂ ಗುಮಾಸ್ತರೂ ಹೋದ ಬೀದಿಗೆ ಹೊಸ ದೀಪಕಂಬ ಎಷ್ಟು ಹಾಕಿದರೂ ಗಿರಾಕಿ ಬರುವುದಿಲ್ಲ.

ಕಾಯ್ದೆಯನ್ನು ಕೊನೆಗೆ ಸಡಿಲಿಸಿದ್ದು ಹೊರಗಿನ ಒತ್ತಡ. 1989–90ರ ವ್ಯಾಪಾರ ಮಾತುಕತೆಯಲ್ಲಿ ಅಮೆರಿಕ ಈ ಕಾಯ್ದೆಯನ್ನು ತನ್ನ ಸರಕಿಗೆ ಒಡ್ಡಿದ ತಡೆಗೋಡೆಯೆಂದು ದೂರಿತು. ಅರ್ಜಿಗಳಿಗೆ ಮೊದಲು ಒಂದೂವರೆ ವರ್ಷದ, ಆಮೇಲೆ ಒಂದು ವರ್ಷದ ಗಡುವು ಗೊತ್ತಾಯಿತು. ಆಟಿಕೆಗಳ ಅಮೆರಿಕನ್ ಸರಣಿ ಟಾಯ್ಸ್ ಆರ್ ಅಸ್ 1991ರ ಡಿಸೆಂಬರ್‌ನಲ್ಲಿ ಇಬಾರಾಕಿ ಪ್ರಾಂತ್ಯದಲ್ಲಿ ಮೊದಲ ಮಳಿಗೆ ತೆರೆಯಿತು. ನಾರಾ ಪ್ರಾಂತ್ಯದ ಕಾಶಿಹಾರದಲ್ಲಿದ್ದ ಅದರ ಇನ್ನೊಂದು ಮಳಿಗೆಗೆ ಮರು ತಿಂಗಳೇ ಅಧ್ಯಕ್ಷ ಜಾರ್ಜ್ ಬುಷ್ ಖುದ್ದಾಗಿ ಬಂದರು. 2000ದಲ್ಲಿ ಕಾಯ್ದೆ ಪೂರ್ತಿ ರದ್ದಾಯಿತು. ಅದರ ಜಾಗಕ್ಕೆ ಬಂದ ಹೊಸ ಕಾಯ್ದೆ ವಾಹನ ದಟ್ಟಣೆ, ಗದ್ದಲ, ಕಸ ಇವನ್ನು ಮಾತ್ರ ನೋಡುತ್ತದೆ. ಪಕ್ಕದ ಅಂಗಡಿಯ ವ್ಯಾಪಾರಕ್ಕೆ ಪೆಟ್ಟು ಬೀಳುತ್ತದೆಯೇ ಎಂಬುದನ್ನು ಗಣಿಸಕೂಡದು.

ತಡೆಯ ಬದಲಿಗೆ ಹಣ, ಇದು ಆಮೇಲಿನ ನೀತಿ. 1998ರಲ್ಲಿ ನಗರ ಕೇಂದ್ರಗಳ ಪುನಶ್ಚೇತನಕ್ಕೆಂದೇ ಒಂದು ಕಾಯ್ದೆಯಾಯಿತು. ನೂರಾರು ಊರುಗಳು ಯೋಜನೆ ಬರೆದು ಕಳಿಸಿದವು. 1999ರಲ್ಲಿ ಸರ್ಕಾರ 15 ವರ್ಷದವರೆಗಿನ ಮಕ್ಕಳ ಹೆಸರಿನಲ್ಲೂ ಕೆಲವು ವೃದ್ಧರಿಗೂ ತಲಾ 20,000 ಯೆನ್‌ನ ಕೂಪನ್ ಹಂಚಿತು. ಅದನ್ನು ಆರು ತಿಂಗಳೊಳಗೆ ತಮ್ಮ ಊರಿನ ಅಂಗಡಿಗಳಲ್ಲೇ ಖರ್ಚು ಮಾಡಬೇಕಿತ್ತು. ಸುಮಾರು 62,000 ಕೋಟಿ ಯೆನ್ ಹೀಗೆ ಹೊರಬಂದರೂ, ಅದರಲ್ಲಿ ಹೊಸ ಖರೀದಿಗೆ ಹೋದದ್ದು ಮೂರನೆಯ ಒಂದು ಪಾಲಿನಷ್ಟೇ ಎಂದು ಸರ್ಕಾರವೇ ಅಂದಾಜು ಮಾಡಿತು. ಮಿಕ್ಕದ್ದರಲ್ಲಿ ಜನ ಹೇಗೂ ಕೊಳ್ಳಲಿದ್ದ ಸಾಮಾನನ್ನೇ ಕೂಪನ್ ಕೊಟ್ಟು ಕೊಂಡಿದ್ದರು. ಸಮೀಕ್ಷೆಗಳ ಪ್ರಕಾರ ಅಂಗಡಿಸಾಲುಗಳಲ್ಲಿ ಖಾಲಿ ಬಿದ್ದ ಅಂಗಡಿಗಳು 2003ರಲ್ಲಿ ಶೇ. 7ರಷ್ಟಿದ್ದರೆ 2012ರಲ್ಲಿ ಶೇ. 14 ದಾಟಿದ್ದವು. ಇದು ಸರಾಸರಿ, ಸಣ್ಣ ಊರುಗಳ ಪಾಡು ಇನ್ನೂ ಕಠಿಣ.

2006ರ ತಿದ್ದುಪಡಿ ಊರ ಹೊರಗಿನ ಬೆಳವಣಿಗೆಗೂ ಕೈಹಾಕಿತು. 10,000 ಚದರ ಮೀಟರ್ ಮೀರಿದ ಮಾಲ್‌ಗಳು ಬಹುತೇಕ ವಲಯಗಳಲ್ಲಿ ನಿಷಿದ್ಧವಾದವು; ಊರಿನ ಯೋಜನೆಗೆ ಪ್ರಧಾನಿಯ ಮನ್ನಣೆ ಕಡ್ಡಾಯವಾಯಿತು. 2007ರ ಫೆಬ್ರುವರಿಯಲ್ಲಿ ಮೊದಲ ಮನ್ನಣೆ ಪಡೆದ ಎರಡು ಊರುಗಳು, ಅಓಮೊರಿ ಮತ್ತು ತೊಯಾಮಾ, ಮುಂದೆ ಹಿಡಿದ ದಾರಿ ಬೇರೆಬೇರೆ. ಅಓಮೊರಿಯ ಹೆಮ್ಮೆ 2001ರಲ್ಲಿ ರೈಲು ನಿಲ್ದಾಣದ ಎದುರು ತೆರೆದ ಔಗಾ ಕಟ್ಟಡ: ನೆಲಮಾಳಿಗೆಯಲ್ಲಿ ಮೀನು ಮಾರುಕಟ್ಟೆ, ನಡುವೆ ಬಟ್ಟೆಬರೆಯ ಅಂಗಡಿಗಳು, ಮೇಲೆ ಗ್ರಂಥಾಲಯ. ಗ್ರಂಥಾಲಯಕ್ಕೆ ಜನ ಬಂದರು, ಅಂಗಡಿಗಳಲ್ಲಿ ಕೊಳ್ಳಲಿಲ್ಲ. ನಗರಸಭೆಯ ಪಾಲಿದ್ದ ಕಂಪನಿ ಸಾಲದಲ್ಲಿ ಮುಳುಗಿ, 2016ರಲ್ಲಿ ಮೇಯರ್ ರಾಜೀನಾಮೆ ಕೊಡುವವರೆಗೂ ಹೋಯಿತು. 2017ರಲ್ಲಿ ಬಟ್ಟೆ ಅಂಗಡಿಗಳ ಮಹಡಿಗಳು ಮುಚ್ಚಿದವು. ಮರುವರ್ಷ ಅಲ್ಲಿಗೆ ನಗರಸಭೆಯ ಕಚೇರಿಗಳು ಬಂದವು. ತೊಯಾಮಾದಲ್ಲಿ ಮೇಯರ್ ಮೊರಿ ಮಸಾಶಿ ಅಂಗಡಿಗಿಂತ ಮೊದಲು ಓಡಾಟದ ಬಗ್ಗೆ ಯೋಚಿಸಿದರು. 2006ರಲ್ಲಿ ಹಳೆಯ ರೈಲುಹಳಿಯ ಮೇಲೆ ಪೋರ್ಟ್‌ರಾಮ್ ಎಂಬ ಟ್ರಾಮ್, 2009ರಲ್ಲಿ ಊರ ನಡುವೆ ಸುತ್ತುವ ಇನ್ನೊಂದು. 65 ದಾಟಿದವರು ಪ್ರತಿ ಪ್ರಯಾಣಕ್ಕೆ 100 ಯೆನ್ ಕೊಟ್ಟು ಪೇಟೆಗೆ ಬಂದುಹೋಗಬಹುದಾದ ಪಾಸು. ಪೇಟೆಯ ಹಳೆಯ ಗದ್ದಲ ಮರಳದಿದ್ದರೂ, ಕಾರು ಓಡಿಸಲಾಗದ ಮುದುಕರು ಮತ್ತೆ ಅಲ್ಲಿ ಕಾಣಿಸಿಕೊಂಡರು.

ಆದರೆ ಮೂಲ ತೊಡಕು ಕಟ್ಟಡಗಳದ್ದೂ ಟ್ರಾಮಿನದ್ದೂ ಅಲ್ಲ, ಒಡೆತನದ್ದು. ಬಾಗಿಲು ಹಾಕಿದ ಅಂಗಡಿಯ ಹಿಂದೆ ಮುದಿ ಮಾಲೀಕ ಇನ್ನೂ ವಾಸವಿರುತ್ತಾನೆ. ಸಾಲ ತೀರಿದೆ, ಪಿಂಚಣಿ ಬರುತ್ತದೆ. ತನ್ನ ಅಡುಗೆಮನೆ ದಾಟಿ ಓಡಾಡುವ ಅಪರಿಚಿತ ಬಾಡಿಗೆದಾರ ಅವನಿಗೆ ಬೇಕಿಲ್ಲ. 200 ಚದರ ಮೀಟರ್‌ವರೆಗಿನ ವಾಸದ ನಿವೇಶನಕ್ಕೆ ಆಸ್ತಿ ತೆರಿಗೆ ಲೆಕ್ಕಹಾಕುವುದು ಬೆಲೆಯ ಆರನೆಯ ಒಂದು ಪಾಲಿನ ಮೇಲೆ. ಹಾಗಾಗಿ ಅಂಗಡಿ ಮುಚ್ಚಿ ಮನೆಯಾಗಿಯೇ ಇಟ್ಟುಕೊಳ್ಳುವುದರಿಂದ ಅವನಿಗೆ ನಷ್ಟವೂ ಇಲ್ಲ. ಅವನ ಮಟ್ಟಿಗೆ ಇದು ಸರಿಯಾದ ಲೆಕ್ಕವೇ. ಅಂಥ ಮೂವತ್ತು ಲೆಕ್ಕಗಳು ಕೂಡಿದಾಗ ಬೀದಿ ಕತ್ತಲಾಗುತ್ತದೆ.

ಈ ಗಂಟನ್ನು ನೇರವಾಗಿ ಬಿಚ್ಚಿದ್ದು ಶಿಕೊಕು ದ್ವೀಪದ ತಕಾಮಾತ್ಸುವಿನ ಮರುಗಾಮೆಮಾಚಿ. ಸುಮಾರು 470 ಮೀಟರ್ ಉದ್ದದ ಈ ಬೀದಿ 1988ರಲ್ಲಿ ನಾನೂರು ವರ್ಷದ ಹಬ್ಬ ಆಚರಿಸಿತು. ಅದೇ ವರ್ಷ ಸೆತೊ ಸೇತುವೆ ತೆರೆದು, ಹಡಗಿನಲ್ಲಿ ದಾಟಿ ಬರುವವರ ಹೆಬ್ಬಾಗಿಲಾಗಿದ್ದ ಊರಿನ ಸ್ಥಾನ ಹೋಯಿತು. ವ್ಯಾಪಾರ ಇನ್ನೂ ಚೆನ್ನಾಗಿದ್ದಾಗಲೇ ಇಲ್ಲಿನ ಸಂಘ ಮುಂದಿನ ನೂರು ವರ್ಷದ ಮಾತೆತ್ತಿತು. ಫುರುಕಾವಾ ಕೋಜೊ ಮುಂದಾಳತ್ವದಲ್ಲಿ ಬೀದಿಯನ್ನು ಎ ಇಂದ ಜಿ ವರೆಗೆ ಏಳು ತುಂಡುಗಳಾಗಿ ಯೋಜಿಸಿದರು. ಜಮೀನಿನ ಒಡೆತನ ಮೂಲ ಮಾಲೀಕರಲ್ಲೇ ಉಳಿಯಿತು. ಅದನ್ನು ಅವರು 60 ವರ್ಷದ ಗುತ್ತಿಗೆಗೆ ಒಂದು ಕಂಪನಿಗೆ ಒಪ್ಪಿಸಿದರು. ಕಂಪನಿ ಕಟ್ಟಡ ಕಟ್ಟಿ, ಯಾವ ಅಂಗಡಿ ಎಲ್ಲಿರಬೇಕೆಂದು ಇಡೀ ಬೀದಿಯನ್ನು ಒಟ್ಟಾಗಿ ನೋಡಿ ನಿರ್ಧರಿಸುತ್ತದೆ. ಬಾಡಿಗೆ ಬಂದ ಮೇಲೆ ಮೊದಲು ಖರ್ಚು ಮತ್ತು ಸಾಲದ ಕಂತು, ಉಳಿದದ್ದು ಜಮೀನಿನವರಿಗೆ. ವ್ಯಾಪಾರ ಕುಗ್ಗಿದರೆ ಅವರ ಪಾಲೂ ಕುಗ್ಗುತ್ತದೆ, ಹಾಗಾಗಿ ಬೀದಿಯ ಏಳುಬೀಳು ಅವರದ್ದೂ ಹೌದು. ಎಲ್ಲರ ಒಪ್ಪಿಗೆ ಪಡೆಯಲು ವರ್ಷಗಟ್ಟಲೆ ಮನೆಮನೆ ತಿರುಗಬೇಕಾಯಿತು. ಎ ವಿಭಾಗ ತೆರೆದದ್ದು 2006ರ ಡಿಸೆಂಬರ್‌ನಲ್ಲಿ, ಜಿ ವಿಭಾಗ 2012ರಲ್ಲಿ. ಸರ್ಕಾರದ ಸಹಾಯಧನ ಇಲ್ಲಿಗೂ ಬಂತು, ದೊಡ್ಡ ಮೊತ್ತದಲ್ಲೇ ಬಂತು. ಆದರೆ ಅದು ಬಂದದ್ದು ಮಾಲೀಕರು ತಮ್ಮೊಳಗೆ ಒಪ್ಪಂದಕ್ಕೆ ಬಂದ ಮೇಲೆ. ಮೇಲಿನ ಮಹಡಿಗಳಲ್ಲಿ ಮನೆಗಳು ಬಂದವು, ಕಟ್ಟಡದಲ್ಲೇ ವೈದ್ಯರ ಚಿಕಿತ್ಸಾಲಯ ತೆರೆಯಿತು. ಕೆಳಗೆ ಕೊಳ್ಳುವವರು ಮೇಲೆಯೇ ವಾಸಿಸತೊಡಗಿದರು.

ಇಷ್ಟು ದೊಡ್ಡ ಕೆಲಸ ಸಾಧ್ಯವಿಲ್ಲದ ಊರುಗಳು ಸಣ್ಣ ದಾರಿಗಳನ್ನು ಹುಡುಕಿಕೊಂಡವು. ಓಕಾಜಾಕಿಯಲ್ಲಿ 2003ರಿಂದ ಅಂಗಡಿಯವರೇ ತಮ್ಮ ಕಸುಬಿನ ಪಾಠವನ್ನು ಊರವರಿಗೆ ಪುಕ್ಕಟೆಯಾಗಿ ಹೇಳಿಕೊಡುತ್ತಾರೆ. ಶಿಂಜೊದಲ್ಲಿ 2004ರಲ್ಲಿ ಇಡೀ ಬೀದಿಯೇ 100 ಯೆನ್ ಸಂತೆಯಾಗುವ ದಿನಗಳು ಶುರುವಾದವು. ಎರಡೂ ದೇಶದ ಅನೇಕ ಊರುಗಳಿಗೆ ಹಬ್ಬಿದವು. ಮಿಯಾಜಾಕಿ ಪ್ರಾಂತ್ಯದ ನಿಚಿನಾನ್ ನಗರ 2013ರಲ್ಲಿ ಸಹಾಯಧನವನ್ನು ಕಟ್ಟಡದ ಬದಲು ಒಬ್ಬ ವ್ಯಕ್ತಿಗೆ ಕೊಟ್ಟಿತು: ತಿಂಗಳಿಗೆ 9 ಲಕ್ಷ ಯೆನ್ ಸಂಭಾವನೆ, ಊರಿನಲ್ಲೇ ನೆಲೆಸಬೇಕು, ನಾಲ್ಕು ವರ್ಷದಲ್ಲಿ ಅಬುರಾತ್ಸು ಅಂಗಡಿಸಾಲಿಗೆ 20 ಹೊಸ ಅಂಗಡಿಗಳನ್ನು ತರಬೇಕು. ಮುನ್ನೂರಕ್ಕೂ ಹೆಚ್ಚು ಮಂದಿ ಅರ್ಜಿ ಹಾಕಿದರು. ಆಯ್ಕೆಯಾದವರು ಮುಚ್ಚಿದ ಕಾಫಿ ಅಂಗಡಿಯೊಂದನ್ನು ತೆರೆಯುವುದರಿಂದ ಶುರುಮಾಡಿ, ಗಡುವಿನೊಳಗೆ 29 ಅಂಗಡಿ ಮತ್ತು ಕಚೇರಿಗಳನ್ನು ತಂದರು. ಅವುಗಳಲ್ಲಿ ಮಾಹಿತಿ ತಂತ್ರಜ್ಞಾನದ ಕಂಪನಿಗಳೂ ಇದ್ದವು, ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರವೂ ಇತ್ತು.